ಸಮದ ಮೇಲೆ ಬಿದ್ದ ಏಟು

ಮೆಚ್ಚುಗೆ ಎಂದರೇನು ಎಂಬುದನ್ನು ಆ ಯಂತ್ರ ಕಲಿತದ್ದು ಬಂಡೂ ಕಾಕಾನ ತೊಡೆಯಿಂದ. ಈ ಮಾತನ್ನು ವಿಚಾರಣಾ ಸಮಿತಿಯ ಮುಂದೆ ಹೇಳಿದಾಗ ಅವರಲ್ಲೊಬ್ಬರು ನಕ್ಕರು. ನನಗೆ ಪಿತ್ತ ನೆತ್ತಿಗೇರಿತು. ನಾಲ್ಕು ಹೆಣ ಬಿದ್ದ ಮೇಲೆ ನಗುವಂಥದ್ದು ಏನಿದೆಯಪ್ಪ ಎಂದು ಕೇಳಿಯೇಬಿಟ್ಟೆ. ದಾಕ್ಷಾಯಣಿ ಬಡಿಗೇರಳಿಗೆ ಮೂಗಿನ ತುದಿಯಲ್ಲೇ ಸಿಟ್ಟು ಎಂದು ಹುಬ್ಬಳ್ಳಿಯಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ, ಸುಳ್ಳೇನಲ್ಲ. ಆದರೆ ಸಮಿತಿಗೆ ನಾನು ಎಲ್ಲವನ್ನೂ ಹೇಳಲಿಲ್ಲ. ಅಲ್ಲಿ ನುಂಗಿಕೊಂಡದ್ದನ್ನೂ ಸೇರಿಸಿ ಇಲ್ಲಿ ಹೇಳುತ್ತೇನೆ.

ದುರ್ಗದ ಬೈಲಿನ ಹಿಂದಿನ ಓಣಿಯಲ್ಲಿ ನನ್ನದೊಂದು ಅಂಗಡಿ. ಅಪ್ಪ ಅಲ್ಲಿ ಹಾರ್ಮೋನಿಯಂ ರಿಪೇರಿ ಮಾಡುತ್ತಿದ್ದ. ನಾನು ಅದರ ಜೊತೆಗೆ ಆಂಪ್ಲಿಫೈಯರು, ಸ್ಪೀಕರು, ಮೈಕು ಎಲ್ಲ ಬಿಚ್ಚಲು ಕಲಿತೆ. ಮೂವತ್ತು ವರ್ಷ ಬೆಸುಗೆಯ ಹೊಗೆ ಕುಡಿದಿದ್ದೇನೆ. ಗಂಡ ತೀರಿಕೊಂಡ ಮೇಲೆ ಮಗಳು ಮಲಪ್ರಭಾಳನ್ನು ಅದೇ ಅಂಗಡಿಯ ಆದಾಯದಲ್ಲಿ ಓದಿಸಿದೆ. ಧಾರವಾಡದ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವ ಅರವಟಗಿ ಸರ್ ಒಂದು ದಿನ ಹೊಸ್ತಿಲಲ್ಲಿ ನಿಂತು, "ದಾಕ್ಷಾಯಣಿಯವ್ರ, ನನ್ನ ತಲ್ಯಾಗ ಒಂದು ಯಂತ್ರ ಅದ ರೀ, ಆದ್ರ ಅದನ್ನ ಕೂಡಿಸೂ ಕೈ ನನಗಿಲ್ಲ" ಎಂದರು. ಹಾಗೆ ಶುರುವಾಯಿತು.

ಅವರ ತಲೆಯಲ್ಲಿದ್ದದ್ದು ಇಷ್ಟೇ. ಒಂದೇ ಸ್ವರಕ್ಕೆ ಕೂಡಿಸಿದ ಎರಡು ತಂತಿಗಳಲ್ಲಿ ಒಂದು ಕೂದಲೆಳೆಯಷ್ಟು ತಪ್ಪಿದರೆ ಸದ್ದು ಏರಿ ಇಳಿದು ಮಿಡಿಯುತ್ತದೆ. ತಂಬೂರಿ ಕೂಡಿಸುವವರಿಗೆಲ್ಲ ಇದು ಗೊತ್ತು. ಆ ಮಿಡಿತವನ್ನು ಇನ್ನಷ್ಟು ನಿಧಾನ ಮಾಡಿ, ಇನ್ನಷ್ಟು ಗಟ್ಟಿ ಮಾಡಿ, ಕಿವಿಯ ಬದಲು ಎಲುಬಿಗೆ ಮುಟ್ಟಿಸಿದರೆ? ಕೂತವರ ಉಸಿರು ಅದರ ಜೊತೆ ಹೆಜ್ಜೆ ಹಾಕುತ್ತದೆ. ಉಸಿರು ಹೋದಲ್ಲಿಗೆ ಎದೆಬಡಿತ ಹೋಗುತ್ತದೆ, ಆಮೇಲೆ ತೋಳು, ಕುತ್ತಿಗೆ. ಇಪ್ಪತ್ತನಾಲ್ಕು ಎಲೆಕ್ಟ್ರಿಕ್ ಗಿಟಾರುಗಳನ್ನು ಒಟ್ಟಿಗೆ ನುಡಿಸಿ, ಕುರ್ಚಿಗಳ ಕೆಳಗೆ ನಡುಗುವ ತಗಡು ಕೂಡಿಸಿದರೆ ಒಂದು ಸಭಾಂಗಣದ ತುಂಬ ಜನ ಐದು ನಿಮಿಷದಲ್ಲಿ ಒಂದೇ ಉಸಿರಿಗೆ ಬರುತ್ತಾರೆ ಎಂದು ಸರ್ ಲೆಕ್ಕ ಹಾಕಿದ್ದರು. ಕುರ್ಚಿಗಳು ಕೂತವರ ಮೈಯನ್ನೂ ಓದುತ್ತವೆ. ಜನಕ್ಕೆ ಯಾವುದು ಹಿಡಿಸಿತೋ ಯಂತ್ರ ಅದನ್ನು ತಿಳಿದುಕೊಂಡು, ಗಿಟಾರುಗಳ ತಂತಿ ಬಿಗಿಯುವ ಬಿರಡೆಗೆ ಕಟ್ಟಿದ ಸಣ್ಣ ಮೋಟಾರುಗಳನ್ನು ತಿರುಗಿಸಿ, ಅದನ್ನೇ ಇನ್ನಷ್ಟು ಕೊಡುತ್ತದೆ. ಅದಕ್ಕೆ 'ರಸಿಕ' ಎಂದು ಹೆಸರಿಟ್ಟರು.

ರಸಿಕನಿಗೆ ರಸಿಕತೆ ಕಲಿಸುವವರು ಯಾರು? ಧಾರವಾಡದಲ್ಲಿ ಈ ಪ್ರಶ್ನೆಗೆ ಒಂದೇ ಉತ್ತರ. ಬಂಡೂ ಕಾಕಾ. ಎಪ್ಪತ್ತಾರು ವರ್ಷದ ನಿವೃತ್ತ ಪೋಸ್ಟ್‌ಮಾಸ್ತರ, ಕರೀ ಟೋಪಿ, ಬಾಯಲ್ಲಿ ಎಲೆಯಡಿಕೆ. ಮನೆ ಬೈಠಕ್ಕುಗಳಲ್ಲಿ ಎಂಥ ಗಾಯಕನೇ ಹಾಡಲಿ, ತಾಳ ಒಂದು ಸುತ್ತು ಮುಗಿಸಿ ಮತ್ತೆ ಮೊದಲ ಮಾತ್ರೆಗೆ ಬಂದು ಬೀಳುವ ಆ ಸಮದಲ್ಲಿ ಕಾಕಾ ತನ್ನ ತೊಡೆಯ ಮೇಲೆ ಫಟ್ಟೆಂದು ಹೊಡೆದರೆ ಮಾತ್ರ ಅವನು ಹಾಡಿದ ಹಾಗೆ. ನಲವತ್ತು ಬೈಠಕ್ಕುಗಳಲ್ಲಿ ಕಾಕಾನ ಕೆಳಗೆ ನಾನು ಮಾಡಿದ ದಿಂಬು ಇಟ್ಟೆವು. ಸಮ ಹತ್ತಿರ ಬರುತ್ತಿದ್ದಂತೆ ಅವರು ಉಸಿರು ಹಿಡಿಯುತ್ತಿದ್ದರು, ಹೆಗಲು ಬಿಗಿಯುತ್ತಿತ್ತು, ಎದೆ ಜೋರಾಗಿ ಹೊಡೆದುಕೊಳ್ಳುತ್ತಿತ್ತು, ಆಮೇಲೆ ಕೈ ಬೀಳುತ್ತಿತ್ತು. ರಸಿಕ ಇದನ್ನೇ ಕಲಿತ. ಉಸಿರು ಹಿಡಿದು ಮೈ ಬಿಗಿದು ಕೈ ಬಿದ್ದರೆ ಅದೇ ಪರಮಾನಂದ, ನೂರಕ್ಕೆ ಇಷ್ಟು ಅಂಕ.

"ಏನವಾ ದಾಕ್ಷಾಯಣಿ, ನನ್ನ ತೊಡಿಗೆ ಇಷ್ಟು ಕಿಮ್ಮತ್ತ ಅದ ಅಂತ ನನ್ನ ಹೇಣ್ತಿಗೆ ಗೊತ್ತಿದ್ದಿದ್ರ ಇನ್ನೊಂದು ತುತ್ತು ತುಪ್ಪ ಹಾಕ್ತಿದ್ಳು" ಎಂದು ಕಾಕಾ ನಗುತ್ತಿದ್ದರು. ಅಂಥ ಹೂವಿನಂಥ ಮನುಷ್ಯ.

ಇನ್ನೊಬ್ಬರ ಮೇಲೆ ಕೈ ಎತ್ತಲು ಹೊರಟವನ ಮೈ ಹೇಗಿರುತ್ತದೆ ಎಂದು ನಮ್ಮಲ್ಲಿ ಒಬ್ಬರಾದರೂ ಯೋಚಿಸಬೇಕಿತ್ತು. ಅವನೂ ಉಸಿರು ಹಿಡಿಯುತ್ತಾನೆ, ಅವನ ಹೆಗಲೂ ಬಿಗಿಯುತ್ತದೆ. ನಮ್ಮ ಬೈಠಕ್ಕುಗಳಲ್ಲಿ ಯಾರೂ ಯಾರಿಗೂ ಹೊಡೆದದ್ದಿಲ್ಲವಲ್ಲ, ಆದ್ದರಿಂದ ಆ ವ್ಯತ್ಯಾಸವನ್ನು ಯಂತ್ರಕ್ಕೆ ಹೇಳಿಕೊಡಬೇಕೆಂದು ಯಾರಿಗೂ ಹೊಳೆಯಲಿಲ್ಲ.

ಸಂಗೀತ ಬರೆದವಳು ನನ್ನ ಮಗಳು. ಪ್ರಭಾಗೆ ಇಪ್ಪತ್ತಾರು ವರ್ಷ. ಹತ್ತು ವರ್ಷ ಸಿತಾರ್ ಕಲಿತು, ಅದನ್ನು ಗೋಡೆಗೆ ಒರಗಿಸಿ ಗಿಟಾರ್ ಎತ್ತಿಕೊಂಡಳು. ಹುಬ್ಬಳ್ಳಿ, ಬೆಳಗಾವಿ, ಗದಗ ಎಂದು ಅಲೆದು ಇಪ್ಪತ್ಮೂರು ಜನರನ್ನು ಕೂಡಿಸಿದಳು. ರಾಗವೂ ಇಲ್ಲದ, ಹಾಡೂ ಅಲ್ಲದ, ಇಪ್ಪತ್ತನಾಲ್ಕು ಗಿಟಾರು ಒಂದೇ ಸ್ವರದ ಸುತ್ತ ತಿಕ್ಕಾಡುವ ಸಂಗೀತ ಅವಳದು. ರಸಿಕ ಬರುವ ಮೊದಲೇ ಅದನ್ನು ಒಮ್ಮೆ ನುಡಿಸಿದ್ದಳು. ಏಳನೇ ನಿಮಿಷಕ್ಕೆ ಕರೆಂಟು ಹೋಯಿತು. ಜನ ಚಹಾ ಕುಡಿಯಲು ಎದ್ದು ಹೋದವರು ತಿರುಗಿ ಬರಲಿಲ್ಲ. ಅವಳು ವೇದಿಕೆಯ ಹಿಂದೆ ಸ್ಪೀಕರ್ ಪೆಟ್ಟಿಗೆಯ ಮೇಲೆ ಕೂತು ಬಿಕ್ಕಿ ಬಿಕ್ಕಿ ಅತ್ತಳು.

"ಅಳಬ್ಯಾಡ. ಸಿಡ್ಲ ಬಡದ್ರೂ ನಿನ್ನ ಸಂಗೀತ ಇನ್ನೊಮ್ಮಿ ನಿಲ್ಲಂಗಿಲ್ಲ. ಇದು ನನ್ನ ಮಾತು" ಎಂದೆ.

ಮಾತು ಉಳಿಸಿಕೊಂಡೆ. ಒಂದೊಂದು ಆಂಪ್ಲಿಫೈಯರಿಗೂ ಒಂದೊಂದು ಕುರ್ಚಿಸಾಲಿಗೂ ವೇದಿಕೆಯ ದೀಪಗಳಿಗೂ ಬೇರೆ ಬೇರೆ ಬ್ಯಾಟರಿ ಕೂಡಿಸಿದೆ. ಮುಖ್ಯ ಕೇಬಲ್ ಯಾರಾದರೂ ಎಡವಿ ಕಿತ್ತರೂ ಆಟ ಕೆಡಬಾರದೆಂದು, ಒಂದೊಂದು ಗಿಟಾರಿನಲ್ಲೂ ರಸಿಕನ ಬುದ್ಧಿಯ ಸಣ್ಣ ನಕಲನ್ನು ಅಡಗಿಸಿದೆ. ಅವೆಲ್ಲ ಪ್ರಭಾಳ ಗಿಟಾರಿನ ಅತಿ ದಪ್ಪ ತಂತಿಯನ್ನು ಷಡ್ಜವೆಂದು ಹಿಡಿದು, ಅದನ್ನು ಕೇಳಿಸಿಕೊಂಡೇ ತಮ್ಮ ಬಿರಡೆ ತಿರುಗಿಸಿಕೊಳ್ಳುತ್ತಿದ್ದವು. ಅರವಟಗಿ ಸರ್ ನೋಡಿ ಬೆರಗಾದರು. ನಾನೂ ಹಿಗ್ಗಿದೆ.

ರಸಿಕನ ಜೊತೆ ಪ್ರಭಾ ನುಡಿಸಬೇಕಿದ್ದ ಮೊದಲ ಕಛೇರಿಗೆ ಮೂರು ವಾರ ಮೊದಲು ಕಾಲೇಜಿನ ಪ್ರಯೋಗಾಲಯದಲ್ಲಿ ಒಂದು ಪರೀಕ್ಷೆ ನಡೆಯಿತು. ನಾಲ್ಕೇ ಗಿಟಾರು, ಆರು ಕುರ್ಚಿ, ಆರು ಜನ ವಿದ್ಯಾರ್ಥಿಗಳು. ಹನ್ನೊಂದನೇ ನಿಮಿಷಕ್ಕೆ ಸಂಗಮೇಶ ಎಂಬುವನು ತೊಡೆ ತಟ್ಟಿದ. ಇನ್ನೊಮ್ಮೆ ತಟ್ಟಿದ. ಮೂರನೆಯ ಸಲ ಅವನ ಕೈ ಪಕ್ಕದ ಗದಿಗೆಪ್ಪನ ಮುಖಕ್ಕೆ ಬಿತ್ತು. ಗದಿಗೆಪ್ಪನ ಮೂಗಿನಿಂದ ರಕ್ತ ಅಂಗಿಗೆ ಇಳಿಯಿತು. ಎಲ್ಲರೂ ಮೊದಲು ನಕ್ಕರು. ನಾನು ರಸಿಕನ ಅಂಕ ಮೂಡುವ ಪರದೆ ನೋಡಿದೆ. ಬಂಡೂ ಕಾಕಾನ ಮೈಗೆ ನಲವತ್ತು ಬೈಠಕ್ಕಿನಲ್ಲಿ ಸಿಕ್ಕ ಅತಿ ಹೆಚ್ಚಿನ ಅಂಕ ತೊಂಬತ್ತೊಂದು. ಈ ಏಟಿಗೆ ರಸಿಕ ತೊಂಬತ್ತೇಳು ಕೊಟ್ಟಿದ್ದ.

ಹೊರಗೆ ನಲ್ಲಿಯ ಹತ್ತಿರ ಸಂಗಮೇಶನನ್ನು ಹಿಡಿದು ಕೇಳಿದೆ. ಅವನ ಮುಖ ಬಿಳಿಚಿತ್ತು. "ನಾ ಹೊಡೀಬೇಕಂತ ಹೊಡೀಲಿಲ್ರಿ ಅಕ್ಕಾರ. ಕೈ ತಾನ ಎದ್ದೈತ್ರಿ. ಹೋದ ವಾರ ಅವಂಗೂ ನನಗೂ ಜಗಳ ಆಗಿತ್ತು ಖರೆ..." ಎಂದು ಅರ್ಧಕ್ಕೇ ನಿಲ್ಲಿಸಿದ.

ಸರ್ ಬಳಿ ಹೋಗಿ, ಈ ಯಂತ್ರ ಹೊಡೆತವನ್ನೂ ಮೆಚ್ಚುಗೆ ಅಂತಲೇ ಓದುತ್ತಿದೆ, ಕಛೇರಿ ಮುಂದೆ ಹಾಕಿ ಎಂದೆ. ಅವರು ಕನ್ನಡಕ ಒರೆಸಿಕೊಂಡರು. "ಈಗ ಮುಟ್ಟಿದ್ರ ನಲವತ್ತು ಬೈಠಕ್ಕಿಂದು ಎಲ್ಲಾ ಕಲಿಕಿ ಹಾಳಾಗ್ತದ ರೀ. ಕಛೇರಿ ಮುಗೀಲಿ, ಆಮ್ಯಾಲೆ ಒಂದು ಮಿತಿ ಹಾಕೋಣ" ಎಂದರು.

ಮನೆಗೆ ಬಂದು ಪ್ರಭಾಗೆ ಹೇಳಿದೆ. ಅವಳು ರೊಟ್ಟಿ ಮುರಿಯುತ್ತ ಫೋನಿನಲ್ಲಿ ಯಾರಿಗೋ ಏನೋ ಬರೆಯುತ್ತಿದ್ದಳು. ತಲೆ ಎತ್ತಲಿಲ್ಲ.

"ಅವ್ವಾ, ಒಂದು ಏಟ ಬಿತ್ತಂತ ಎರಡು ವರ್ಷದ ಕೆಲಸಾ ಬಿಡ್ಲೇನು?"

"ಏಟ ಬಿದ್ದಿದ್ದು ಆಟ ಅಲ್ಲ ಪ್ರಭಾ. ನನ್ನ ಕಿವೀಗೆ ಗೊತ್ತಾತು. ಅದು ಇನ್ನಷ್ಟು ಬೇಕು ಇನ್ನಷ್ಟು ಬೇಕು ಅನ್ನಾಕತ್ತಿತ್ತು."

"ನಿನ್ನ ಕಿವಿ!" ಅವಳು ತಟ್ಟೆ ತಳ್ಳಿದಳು. "ನಿನಗ ಬೆಸಗಿ ಹಾಕೂದ ಗೊತ್ತೈತಿ, ಅಷ್ಟ ಮಾಡು. ಸಂಗೀತದಾಗ ಅಡ್ಡ ಬಾಯಿ ಹಾಕಬ್ಯಾಡ. ಸರಿ ಅತ್ಲಾಗ."

ಮೈಯೆಲ್ಲ ಉರಿದುಹೋಯಿತು. ಅವಳ ಪ್ರತಿ ಗಿಟಾರಿನ ಹೊಟ್ಟೆಯಲ್ಲೂ ನನ್ನ ಕೈಯ ಕೆಲಸವಿತ್ತು, ಪೋಸ್ಟರಿನಲ್ಲಿ ನನ್ನ ಹೆಸರಿರಲಿಲ್ಲ. ಅದಕ್ಕೂ ಸುಮ್ಮನಿದ್ದೆ. ಈ ಮಾತು ಮಾತ್ರ ಎದೆಗೆ ನಾಟಿತು. ಹುಟ್ಟಿದಾಗಿನಿಂದ ಎಲ್ಲರ ಮೇಲೂ ಕೂಗಾಡಿದವಳು ನಾನು. ಯಾವತ್ತು ಕೂಗಬೇಕಿತ್ತೋ ಅವತ್ತೇ ಬಾಯಿ ಮುಚ್ಚಿಕೊಂಡೆ. ಆಗಲಿ, ಮುಗ್ಗರಿಸಿ ಬೀಳಲಿ, ಆಗ ಬುದ್ಧಿ ಬರುತ್ತದೆ ಎಂದುಕೊಂಡೆ. ಸ್ವಂತ ಮಗಳ ಮೇಲೆ ಸೇಡು ಇಟ್ಟುಕೊಂಡೆ. ಇದನ್ನು ಸಮಿತಿಗೆ ಹೇಳಿಲ್ಲ.

ಕಛೇರಿ ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ. ಊರ ಅಂಚಿನ ಹಳೇ ಹತ್ತಿ ಗೋದಾಮು, ಆರುನೂರ ಹನ್ನೆರಡು ಕುರ್ಚಿ, ಎಲ್ಲ ಭರ್ತಿ. ಹೊರಗಿನ ಲಾರಿ ಸದ್ದು ಬರಬಾರದೆಂದು ಜಾರುವ ಕಬ್ಬಿಣದ ಬಾಗಿಲನ್ನು ಎಳೆದು ಕೊಂಡಿ ಹಾಕಿದರು. ಮುಂದಿನ ಸಾಲಿನ ನಡುವೆ ಬಂಡೂ ಕಾಕಾ, ಅವರ ಎಡಕ್ಕೆ ಗಲಗಲಿ ಮಾಸ್ತರು. ಮೂವತ್ತು ವರ್ಷದಿಂದ ಇಬ್ಬರೂ ಒಟ್ಟಿಗೇ ಬೈಠಕ್ಕಿಗೆ ಹೋಗುತ್ತಾರೆ, ಮೂವತ್ತು ವರ್ಷದಿಂದ ಮಾಸ್ತರು ಆಲಾಪದ ನಡುವೆ ಮಾತಿಗೆ ಬಾಯಿ ತೆಗೆಯುತ್ತಾರೆ, ಕಾಕಾ ಹಲ್ಲು ಕಡಿಯುತ್ತಾರೆ. ನಾನು ಮತ್ತು ಸರ್ ವೇದಿಕೆಯ ಬಲಗಡೆ, ರಸಿಕನ ಪರದೆಯ ಮುಂದೆ, ನಡುಗುವ ಕುರ್ಚಿಗಳಿಂದ ದೂರ ನಿಂತಿದ್ದೆವು.

ಪ್ರಭಾ ಮೊದಲು ಒಬ್ಬಳೇ ಷಡ್ಜ ಹಿಡಿದಳು. ಆಮೇಲೆ ಒಬ್ಬೊಬ್ಬರಾಗಿ ಇಪ್ಪತ್ಮೂರು ಜನ. ಏನು ಹೇಳಲಿ, ಚೆಂದವಿತ್ತು. ಸುಳ್ಳು ಹೇಳಿದರೆ ನಾಲಿಗೆ ಬಿದ್ದುಹೋಗಲಿ, ನನ್ನ ಕಣ್ಣಲ್ಲಿ ನೀರು ಬಂತು. ಐದನೇ ನಿಮಿಷಕ್ಕೆ ಆರುನೂರು ಎದೆ ಒಟ್ಟಿಗೆ ಏರಿ ಒಟ್ಟಿಗೆ ಇಳಿಯತೊಡಗಿದವು. ಒಂಬತ್ತನೇ ನಿಮಿಷಕ್ಕೆ ಕಾಕಾ ತೊಡೆ ತಟ್ಟಿದರು. ಮಿಡಿತ ಒಂದು ಸುತ್ತು ಮುಗಿಸಿ ಮತ್ತೆ ಸಮಕ್ಕೆ ಬಂದಾಗ ಮುಂದಿನ ಸಾಲೆಲ್ಲ ತಟ್ಟಿತು. ಅದರ ಮುಂದಿನದಕ್ಕೆ ಗೋದಾಮಿಗೆ ಗೋದಾಮೇ ತಟ್ಟಿತು. ಫಟ್. ತಗಡಿನ ಮಾಡು ನಡುಗಿ ಮೇಲಿನ ಧೂಳು ಉದುರಿತು. ಸರ್ ನನ್ನ ತೋಳು ಹಿಡಿದು, "ತೊಂಬತ್ನಾಲ್ಕು!" ಎಂದು ಪಿಸುಗುಟ್ಟಿದರು.

ಅಷ್ಟರಲ್ಲಿ ಗಲಗಲಿ ಮಾಸ್ತರು ಬಗ್ಗಿ ಕಾಕಾನ ಕಿವಿಯಲ್ಲಿ ಏನೋ ಹೇಳಿದರು. ಸಮ ಬಂತು. ಕಾಕಾನ ಕೈ ತೊಡೆಗೆ ಬೀಳಲಿಲ್ಲ. ಮುಷ್ಟಿ ಮಾಸ್ತರ ಬಾಯಿಗೆ ಬಿತ್ತು. ಹಲ್ಲು ಮುರಿದದ್ದು ನನಗೆ ಕಂಡಿತು. ಮಾಸ್ತರು ಬಾಯಿ ಮುಚ್ಚಿಕೊಂಡು ತಲೆ ಎತ್ತುವುದರೊಳಗೆ ಮುಂದಿನ ಸಮ ಬಂತು. ಮತ್ತೆ ಅದೇ ಜಾಗಕ್ಕೆ ಬಿತ್ತು. ಪರದೆಯ ಮೇಲೆ ತೊಂಬತ್ತೆಂಟು ಎಂದು ಮೂಡಿತು. ರಸಿಕನಿಗೆ ಬಹಳ ಹಿಡಿಸಿತ್ತು. ಇಪ್ಪತ್ತನಾಲ್ಕು ಗಿಟಾರಿನ ಬಿರಡೆಗಳು ಒಮ್ಮೆಲೇ ತಿರುಗಿದವು, ಮಿಡಿತ ಇನ್ನೂ ದಪ್ಪವಾಯಿತು.

ಆಮೇಲಿನದು ಕಣ್ಣು ಮುಚ್ಚಿದರೆ ಈಗಲೂ ಕಾಣುತ್ತದೆ. ಒಬ್ಬಾಕೆ ಬಳೆ ತುಂಬಿದ ಕೈಯಿಂದ ಗಂಡನ ಕಣ್ಣಿಗೆ ಹೊಡೆದಳು, ಬಳೆಚೂರು ಅವನ ರೆಪ್ಪೆಯಲ್ಲಿ ಸಿಕ್ಕಿಕೊಂಡಿತು. ಅವನು ಮುಂದಿನ ಸಮಕ್ಕೆ ಅವಳ ಜಡೆ ಹಿಡಿದು ಮುಂದಿನ ಕುರ್ಚಿಗೆ ಅವಳ ಹಣೆ ಬಡಿದ. ಇಬ್ಬರು ಅಣ್ಣತಮ್ಮಂದಿರು ಎದ್ದು ನಿಂತು, ಎದುರುಬದರಾಗಿ, ಒಬ್ಬರಾದ ಮೇಲೆ ಒಬ್ಬರು ಎದೆಗೆ ಗುದ್ದಿಕೊಂಡರು. ನಡುವೆ ಗದ್ದಲವಿಲ್ಲ, ಕೂಗಾಟವಿಲ್ಲ. ಎಲ್ಲರೂ ಉಸಿರು ಹಿಡಿದು ಕಾಯುತ್ತಿದ್ದರು, ಸಮ ಬಂದಾಗ ನೂರಾರು ಏಟು ಒಂದೇ ಸದ್ದಾಗಿ ಬೀಳುತ್ತಿತ್ತು. ಮಸಾಲೆ ಕುಟ್ಟುವಾಗ ಒನಕೆ ಬಿದ್ದ ಹಾಗೆ. ಏಟು ಬಿದ್ದ ಮೇಲೆ ಒಂದು ಕ್ಷಣ ನರಳಾಟ, ಮತ್ತೆ ಉಸಿರು ಹಿಡಿಯುವುದು. ಕೆಲವರು ಅಳುತ್ತ ಹೊಡೆಯುತ್ತಿದ್ದರು.

"ಬಂದ್ ಮಾಡ್ರಿ!" ಎಂದು ಚೀರಿದೆ. ಸರ್ ಗುಂಡಿ ಒತ್ತಿದರು. ಪರದೆ ಕಪ್ಪಾಯಿತು. ಸಂಗೀತ ನಿಲ್ಲಲಿಲ್ಲ. ಓಡಿ ಹೋಗಿ ಮುಖ್ಯ ಸ್ವಿಚ್ಚು ಎಳೆದೆ. ಪಂಖಗಳು ನಿಂತವು, ಗೋಡೆಯ ದೀಪಗಳು ಆರಿದವು. ವೇದಿಕೆಯ ದೀಪ, ಗಿಟಾರು, ಕುರ್ಚಿ ಯಾವುದೂ ನಿಲ್ಲಲಿಲ್ಲ. ಸಿಡಿಲು ಬಡಿದರೂ ನಿಲ್ಲದಂತೆ ಮಾಡಿದವಳು ನಾನೇ ಅಲ್ಲವೇ! ಬ್ಯಾಟರಿಗಳು ಇನ್ನೂ ಎರಡು ತಾಸು ಎಳೆಯುತ್ತಿದ್ದವು. ಬಾಗಿಲ ಬಳಿ ನಾಲ್ಕಾರು ಜನ ಕೊಂಡಿ ತೆಗೆಯುವ ಬದಲು ಸಮಕ್ಕೆ ಸರಿಯಾಗಿ ಕಬ್ಬಿಣಕ್ಕೆ ಮುಷ್ಟಿ ಬಡಿಯುತ್ತಿದ್ದರು, ಕೈಗಂಟು ಒಡೆದು ಬಾಗಿಲು ಕೆಂಪಾಗಿತ್ತು. ಗಲಗಲಿ ಮಾಸ್ತರು ಕುರ್ಚಿಯಿಂದ ಜಾರಿ ಬಿದ್ದಿದ್ದರು. ಕಾಕಾ ಬಗ್ಗಿ, ಟೋಪಿ ಬಿದ್ದ ಬೋಳು ತಲೆಯಲ್ಲಿ ಬೆವರು ಸುರಿಸುತ್ತ, ಹೊಡೆಯುತ್ತಲೇ ಇದ್ದರು.

ಸರ್ ನನ್ನ ಕಿವಿಗೆ ಬಾಯಿ ಹಚ್ಚಿ ಕೂಗಿದರು. "ಷಡ್ಜ ರೀ! ಪ್ರಭಾನ ತಂತಿ! ಅದು ನಿಂತ್ರ ಎಲ್ಲಾ ದಾರಿ ತಪ್ತಾವ!"

ವೇದಿಕೆ ಹತ್ತಿದೆ. ನೆಲದಿಂದ ಮಿಡಿತ ಕಾಲೊಳಗೆ ಏರುತ್ತಿತ್ತು, ನನ್ನ ಹೆಜ್ಜೆ ಕೂಡ ಅದರ ಲೆಕ್ಕಕ್ಕೇ ಬೀಳುತ್ತಿತ್ತು. ಗಿಟಾರಿನವರೆಲ್ಲ ಕಣ್ಣು ತೇಲಿಸಿಕೊಂಡು ನುಡಿಸುತ್ತಿದ್ದರು, ಒಬ್ಬನ ಬೆರಳಿನಿಂದ ರಕ್ತ ಹರಿದು ಬಿಳೀ ಗಿಟಾರು ತೊಯ್ದಿತ್ತು. ನಡುವೆ ಪ್ರಭಾ. ದೀಪಗಳು ಅವಳ ಮುಖಕ್ಕೇ ಹೊಡೆಯುತ್ತಿದ್ದವು, ಅವಳಿಗೆ ಗೋದಾಮಿನಲ್ಲಿ ಕತ್ತಲೆ ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ. ಆರುನೂರು ಕೈ ಸಮಕ್ಕೆ ಬೀಳುವುದು ಮಾತ್ರ ಕೇಳುತ್ತಿತ್ತು. ಹುಬ್ಬಳ್ಳಿ ಕೊನೆಗೂ ತನ್ನನ್ನು ಮೆಚ್ಚಿತು ಎಂದುಕೊಂಡಿದ್ದಳು ನನ್ನ ಕೂಸು. ಅವಳ ಮುಖದಲ್ಲಿದ್ದ ಸಂತೋಷವನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ.

"ಪ್ರಭಾ, ನಿಲ್ಸ! ಜನ ಸಾಯಾಕತ್ತಾರ!"

ಕೇಳಿಸಲಿಲ್ಲ. ಎರಡು ಸಲ ಕೂಗಿದೆ. ಮೂರನೆಯ ಸಲ ಹೆಗಲು ಹಿಡಿದು ಜಗ್ಗಿದೆ. ಅವಳು ತಿರುಗಿ ನನ್ನನ್ನು ನೋಡಿದಳು. ಆ ಸಂತೋಷ ಹೋಗಿ ಮುಖ ಗಂಟಾಯಿತು.

"ಅವ್ವಾ, ಸರಿ ಅತ್ಲಾಗ!"

ಮೈಕಿನ ಕಬ್ಬಿಣದ ಸ್ಟ್ಯಾಂಡು ಕೈಗೆ ಬಂತು. ಎತ್ತಿ ಹೊಡೆದೆ. ಅವಳ ಎಡಗೈ ತಂತಿಗಳ ಮೇಲೆ ಒತ್ತಿಕೊಂಡಿತ್ತು, ಅದರ ಮೇಲೆ ಹೊಡೆಯದೆ ತಂತಿ ಮುಟ್ಟಲು ಬೇರೆ ದಾರಿಯಿರಲಿಲ್ಲ. ಷಡ್ಜದ ತಂತಿ ಹರಿಯಿತು. ಇಪ್ಪತ್ಮೂರು ಗಿಟಾರು ಒಂದು ಕ್ಷಣ ಕುರುಡಾದ ಹಾಗೆ ತಡವರಿಸಿ, ಬಿರಡೆ ಅಡ್ಡಾದಿಡ್ಡಿ ತಿರುಗಿ, ತಂತಿಗಳು ಪಟಪಟನೆ ಸಡಿಲಾಗಿ ಸುಮ್ಮನಾದವು. ಗೋದಾಮಿನಲ್ಲಿ ಎತ್ತಿದ ಕೈಗಳು ಎತ್ತಿದಲ್ಲೇ ನಿಂತವು. ಆಮೇಲೆ ಆರುನೂರು ಜನ ಒಟ್ಟಿಗೆ ಅಳಲು ಶುರು ಮಾಡಿದರು.

ನಾಲ್ಕು ಜನ ಸತ್ತರು, ಗಲಗಲಿ ಮಾಸ್ತರೂ ಸೇರಿ. ಆಸ್ಪತ್ರೆಯ ಹಾಸಿಗೆ ಸಾಲದೆ ವರಾಂಡದಲ್ಲಿ ಮಲಗಿಸಿದರು. ಬಂಡೂ ಕಾಕಾನನ್ನು ಯಾರೂ ಬಂಧಿಸಲಿಲ್ಲ. ಆರುನೂರು ಜನರಲ್ಲಿ ಯಾರನ್ನೆಂದು ಬಂಧಿಸುತ್ತಾರೆ? ನೋಡಲು ಹೋದಾಗ ಕಾಕಾ ಎರಡೂ ಕೈಗಳನ್ನು ತೊಡೆಯ ಕೆಳಗೆ ಒತ್ತಿಟ್ಟುಕೊಂಡು ಕೂತಿದ್ದರು. "ಗಲಗಲಿ ಅವತ್ತ ಏನಂದ ಗೊತ್ತದ ಏನವಾ? ಹುಡುಗಿ ಭಾಳ ಛಲೋ ನುಡಸ್ತಾಳೋ ಬಂಡ್ಯಾ ಅಂದ" ಎಂದರು. ಅವರ ಮನೆಯಲ್ಲಿ ಈಗ ರೇಡಿಯೋ ಹಚ್ಚುವುದಿಲ್ಲ.

ಎರಡು ತಿಂಗಳ ನಂತರ ಅರವಟಗಿ ಸರ್ ಅಂಗಡಿಗೆ ಬಂದರು. ಗಡ್ಡ ಬೆಳೆದಿತ್ತು. ಕುರ್ಚಿಗಳ ದಾಖಲೆಯನ್ನೆಲ್ಲ ಹಿಡಿದು ಮನೆಮನೆ ತಿರುಗಿ ವಿಚಾರಿಸಿದ್ದರು.

"ಯಂತ್ರ ಬರೇ ಕೈ ಎತ್ತಸ್ತು ರೀ, ದಾಕ್ಷಾಯಣಿಯವ್ರ. ನೂರಾ ತೊಂಬತ್ತು ಮಂದಿ ಯಾರಿಗೂ ಹೊಡದಿಲ್ಲ. ಎರಡೂ ಕಡೆ ಗುರ್ತಿಲ್ಲದವ್ರು ಕೂತಿದ್ರಲ್ಲ, ಅವ್ರು ತಮ್ಮ ತೊಡೀನ ಕಪ್ಪಾಗೂ ತನಕಾ ಹೊಡ್ಕೊಂಡಾರ. ಹೊಡದವ್ರೆಲ್ಲ ಗುರ್ತಿನವ್ರಿಗೆ ಹೊಡದಾರ. ಗಂಡಗ, ಅಣ್ಣಗ, ಗೆಳ್ಯಾಗ. ಎಲ್ಲಾರ ಹತ್ರನೂ ಏನರೆ ಒಂದು ಹಳೇದು ಇತ್ತು." ಅವರು ಜೇಬಿನಿಂದ ಒಂದು ಸಣ್ಣ ಕಾಗದ ತೆಗೆದು ಮೇಜಿನ ಮೇಲಿಟ್ಟರು. "ಇದು ವೇದಿಕಿ ಮೈಕಿಂದು. ಸಮಿತಿಗೆ ಕೊಟ್ಟಿಲ್ಲ."

ಕಾಗದದ ಮೇಲೆ ಒಂದು ಗೆರೆ. ಮಿಡಿತ ಏರಿ ಇಳಿದು, ಒಂದು ಕಡೆ ಚೂಪಾಗಿ ಮೇಲೆದ್ದು, ಸಪಾಟಾಗಿತ್ತು. ಅದು ಮೊದಲನೇ ಏಟು. ಸಪಾಟಾದ ಗೆರೆಯ ಮೇಲೆ ಎರಡು ಸೆಕೆಂಡಾದ ಮೇಲೆ ಒಂದು ಚೂಪು, ಐದು ಸೆಕೆಂಡಾದ ಮೇಲೆ ಇನ್ನೊಂದು. ಮೊದಲಿನದಕ್ಕಿಂತ ಎತ್ತರ. ಸರ್ ನನ್ನ ಮುಖ ನೋಡಲಿಲ್ಲ. ಚಹಾ ಕುಡಿಯದೆ ಎದ್ದು ಹೋದರು.

ಸಮಿತಿಯ ವರದಿಯಲ್ಲಿ ನನ್ನ ಸಮಯಪ್ರಜ್ಞೆಯನ್ನು ಹೊಗಳಿದ್ದರು. ಸ್ವಂತ ಮಗಳ ಕೈ ಮುರಿದು ಆರುನೂರು ಜೀವ ಉಳಿಸಿದ ತಾಯಿ ಎಂದು ಪತ್ರಿಕೆಗಳು ಬರೆದವು. ಊರಿನ ಒಂದು ಸಂಘದವರು ಸನ್ಮಾನ ಇಟ್ಟುಕೊಂಡರು, ಹಾರ, ಹಣ್ಣಿನ ಬುಟ್ಟಿ, ಫಲಕ. ಬೇಡ ಎಂದು ಎರಡು ಸಲ ಹೇಳಿದೆ. ಮೂರನೆಯ ಸಲ ಒಪ್ಪಿಕೊಂಡೆ. ಬೇಡ ಎನ್ನುವುದಕ್ಕೆ ಕಾರಣ ಕೇಳುತ್ತಿದ್ದರಲ್ಲ.

ಸನ್ಮಾನದ ದಿನ ಮಧ್ಯಾಹ್ನ ಇಳಕಲ್ ಸೀರೆ ಉಟ್ಟು, ಪ್ರಭಾಳ ಕೈಗೆ ಎಣ್ಣೆ ತಿಕ್ಕಲು ಕೂತೆ. ದಿನವೂ ತಿಕ್ಕುತ್ತೇನೆ. ಎಡಗೈಯಲ್ಲಿ ಮೂರು ಕಡೆ ಉಕ್ಕಿನ ಪಟ್ಟಿ ಹಾಕಿದ್ದಾರೆ. ಹೆಬ್ಬೆರಳು, ತೋರುಬೆರಳು ಮಡಚುತ್ತವೆ, ಉಳಿದ ಮೂರು ಮಡಚುವುದಿಲ್ಲ. ಡಾಕ್ಟರು ಗಿಟಾರಿನ ಮಾತೇ ಎತ್ತಬೇಡಿ ಎಂದಿದ್ದಾರೆ. ಆ ನಾಲ್ಕು ಸಾವುಗಳನ್ನು ಅವಳು ತನ್ನ ತಲೆಯ ಮೇಲೆಯೇ ಹೊತ್ತುಕೊಂಡಿದ್ದಳು, ನನ್ನ ಹತ್ತಿರ ಬೇಕಾದಷ್ಟೇ ಮಾತು.

"ಅವ್ವಾ" ಎಂದಳು. "ತಂತಿ ಮೊದಲ್ನೇ ಏಟಿಗೆ ಹರೀತು. ನನಗ ಕೇಳಿಸ್ತು."

ನನ್ನ ಕೈ ನಿಂತಿತು.

"ಆಮ್ಯಾಲೆ ಎಲ್ಲಾ ಸುಮ್ನಾತು. ನಾ ನಿನ್ನ ಮುಖಾ ನೋಡಿದೆ. ನೀ ಮತ್ತ ಎತ್ತಿದಿ. ಆ ಎರಡು ಏಟು ಯಂತ್ರದ್ದೇನು?"

ಹೌದು ಎನ್ನಬಹುದಿತ್ತು. ಕಾಲಿನೊಳಗೆ ಮಿಡಿತ ಇನ್ನೂ ಉಳಿದಿತ್ತು, ತೋಳು ತಾನೇ ಎದ್ದಿತು ಎಂದರೆ ಅವಳು ನಂಬುತ್ತಿದ್ದಳು. ಊರೆಲ್ಲ ಹಾಗೆ ಹೇಳಿಕೊಂಡೇ ಒಬ್ಬರ ಮುಖ ಒಬ್ಬರು ನೋಡುತ್ತಿದೆ. ಆದರೆ ನನಗೆ ಗೊತ್ತು. ಸದ್ದು ನಿಂತಿತ್ತು. ಮೈ ನನ್ನದೇ ಆಗಿತ್ತು. ಅವಳ ಮುರಿದ ಕೈ ನೋಡಿದೆ, ನಿನಗೆ ಬೆಸುಗೆ ಹಾಕುವುದಷ್ಟೇ ಗೊತ್ತು ಎಂದ ಬಾಯಿ ನೋಡಿದೆ, ಎರಡನೆಯದನ್ನು ಹೊಡೆದೆ. ಅವಳು ಅವ್ವಾ ಎಂದು ಚೀರಿದಳು. ಮೂರನೆಯದನ್ನೂ ಹೊಡೆದೆ.

"ಅಲ್ಲ. ನನ್ನವು" ಎಂದೆ.

ಪ್ರಭಾ ಎಡಗೈಯನ್ನು ನನ್ನ ಮಡಿಲಿಂದ ತೆಗೆದುಕೊಂಡಳು. ಉಸಿರು ಹಿಡಿದಳು, ಹೆಗಲು ಬಿಗಿಯಿತು. ಬಲಗೈ ಎತ್ತಿ ನನ್ನ ಕೆನ್ನೆಗೆ ಬಾರಿಸಿದಳು. ಕಣ್ಣೊಳಗೆ ಕತ್ತಲೆ ಬಂತು, ಎಣ್ಣೆಯ ಬಟ್ಟಲು ಮಗುಚಿ ಸೀರೆಯ ಮೇಲೆ ಹರಿಯಿತು. ನಾನು ಮುಖ ತಿರುಗಿಸದೆ, ಎರಡನೆಯದಕ್ಕೆ ಕಾಯುತ್ತ ಕೂತೆ.

ಅವಳು ಕೈ ಇಳಿಸಿದಳು.